ಕೊರೊನಾ ಕಾಲದ ಒತ್ತಡ ಮತ್ತು ಹೃದ್ರೋಗ: ಒಂದು ಅಧ್ಯಯನ ಟಿಪ್ಪಣಿ

ಕೊರೊನಾ ಕಾಲದ ಒತ್ತಡ ಹೃದಯವನ್ನು ಹೇಗೆ ಕೆಡಿಸಿತು? ಈ ಪ್ರಶ್ನೆಗೆ ನಾವೆಲ್ಲ ಅಡ್ರಿನಲಿನ್, ಕಾರ್ಟಿಸಾಲ್ ಅಂತ ಒತ್ತಡದ ಹಾರ್ಮೋನುಗಳ ಹೆಸರು ಬರೆದು ಮುಗಿಸಿಬಿಡುತ್ತೇವೆ. ಅದು ಅರ್ಧ ಉತ್ತರ ಅಷ್ಟೇ.

ಮೊದಲು ಆ ಅರ್ಧ ನೋಡೋಣ. ಭಯವಾದಾಗ ಅಡ್ರಿನಲಿನ್ ಏರುತ್ತದೆ, ಎದೆಬಡಿತ ಮತ್ತು ಬಿಪಿ ಜಾಸ್ತಿಯಾಗುತ್ತವೆ. ಹೃದಯದ ಸ್ನಾಯು ಹೆಚ್ಚು ಆಮ್ಲಜನಕ ಕೇಳುತ್ತದೆ. ಆರೋಗ್ಯವಾಗಿರುವ ರಕ್ತನಾಳ ಹಿಗ್ಗಿ ಅದನ್ನು ಒದಗಿಸುತ್ತದೆ. ಕೊಬ್ಬು ಕಟ್ಟಿಕೊಂಡ ನಾಳಕ್ಕೆ ಅದು ಆಗದು. ಕೆಲವೊಮ್ಮೆ ಇನ್ನಷ್ಟು ಕುಗ್ಗುತ್ತದೆ ಕೂಡ. ಹಾಗಾಗಿ ಸುಮ್ನೆ ಕೂತು ಟಿವಿಯಲ್ಲಿ ಸಾವಿನ ಸುದ್ದಿ ನೋಡುತ್ತಿದ್ದವರಿಗೂ ಎದೆ ಹಿಡಿದುಕೊಳ್ಳಬಹುದು. ಸಾಲದ್ದಕ್ಕೆ ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಬೇಗ ಅಂಟಿಕೊಳ್ಳುತ್ತವೆ.

ನಾಳದಲ್ಲಿ ತಡೆ ಇಲ್ಲದಿದ್ದರೂ ಒತ್ತಡವೇ ಹೃದಯವನ್ನು ಸೋಲಿಸುವುದುಂಟು. ಅದರ ಹೆಸರು ಟಾಕೊಟ್ಸುಬೊ. ಎಡ ಹೃತ್ಕುಕ್ಷಿಯ (ಹೃದಯದ ಎಡ ಕೆಳಕೋಣೆಯ) ತುದಿ ಉಬ್ಬಿ, ಜಪಾನಿನಲ್ಲಿ ಆಕ್ಟೋಪಸ್ ಹಿಡಿಯುವ ಮಡಕೆಯ ಹಾಗೆ ಕಾಣುತ್ತದೆ. ಅಮೆರಿಕದ ಓಹಿಯೋದ ಎರಡು ಆಸ್ಪತ್ರೆಗಳಲ್ಲಿ, ಹೃದಯಾಘಾತದಂಥ ಲಕ್ಷಣಗಳಿಂದ ಬಂದವರಲ್ಲಿ ಇದರ ಪಾಲು ಮೊದಲು ಸುಮಾರು ಶೇ. 1.7 ಇತ್ತು. 2020ರ ಮಾರ್ಚ್-ಏಪ್ರಿಲ್‌ನಲ್ಲಿ ಅದು ಶೇ. 7.8 ಆಯಿತು. ಹೀಗೆ ಪತ್ತೆಯಾದವರಲ್ಲಿ ಯಾರಿಗೂ ಕೋವಿಡ್ ಇರಲಿಲ್ಲ! ಆದರೆ ಅವರು 20 ಜನ ಅಷ್ಟೇ. ಇದನ್ನೇ ಸಾರ್ವತ್ರಿಕ ನಿಯಮದಂತೆ ಬರೆಯಬೇಡಿ.

ಇನ್ನುಳಿದ ಅರ್ಧ, ನನ್ನ ಪ್ರಕಾರ ದೊಡ್ಡ ಅರ್ಧ, ಭಯ ಜನರಿಂದ ಏನು ಮಾಡಿಸಿತು ಅನ್ನುವುದು. ಇಂಗ್ಲೆಂಡಿನಲ್ಲಿ ಹೃದಯಾಘಾತ ಮತ್ತು ಅದರ ಹತ್ತಿರದ ತೊಂದರೆಗಳಿಗೆ 2019ರಲ್ಲಿ ವಾರಕ್ಕೆ ಸರಾಸರಿ 3,017 ಜನ ದಾಖಲಾಗುತ್ತಿದ್ದರು. 2020ರ ಮಾರ್ಚ್ ಕೊನೆಗೆ ಅದು 1,813ಕ್ಕೆ ಇಳಿಯಿತು. ಕಾಯಿಲೆಯೇ ಅಷ್ಟು ಕಮ್ಮಿಯಾಯಿತು ಅಂತ ನಂಬುವುದು ಕಷ್ಟ, ಅಲ್ವಾ? ರಾತ್ರಿ ಎರಡು ಗಂಟೆಗೆ ಎದೆ ಭಾರ ಅನ್ನಿಸುತ್ತದೆ. ಆಸ್ಪತ್ರೆಗೆ ಹೋದರೆ ಸೋಂಕು ತಗಲುತ್ತದೆ ಅನ್ನುವ ಹೆದರಿಕೆ. ಗ್ಯಾಸ್ ಇರಬೇಕು, ಬೆಳಗಾಗಲಿ ಅಂತ ಮಲಗುತ್ತಾರೆ. ನಾಳ ಪೂರ್ತಿ ಮುಚ್ಚಿದ್ದರೆ ಅರ್ಧ ಗಂಟೆಯೊಳಗೇ ಸ್ನಾಯು ಸಾಯಲು ಶುರುವಾಗುತ್ತದೆ. ಬೆಳಗ್ಗೆ ಹೋಗಿ ನಾಳ ತೆರೆಸಿದರೂ ಸತ್ತ ಭಾಗ ಮರಳುವುದಿಲ್ಲ.

ಮಾತ್ರೆಗಳ ಕತೆಯೂ ಇದೇ. ಕೆಲವು ಬಿಪಿ ಮಾತ್ರೆಗಳಿಂದ ಕೋವಿಡ್ ಜೋರಾಗುತ್ತದೆ ಅನ್ನುವ ಅನುಮಾನ ಆಗ ಹಬ್ಬಿತ್ತು. ನಿಲ್ಲಿಸಬೇಡಿ ಎಂದು ಯುರೋಪಿನ ಹೃದ್ರೋಗ ತಜ್ಞರ ಸಂಘ 2020ರ ಮಾರ್ಚ್ 13ರಂದೇ ಹೇಳಿತು. ನಿಲ್ಲಿಸುವುದರಿಂದ ಲಾಭವಿಲ್ಲ ಎಂದು ಆಮೇಲಿನ ಪ್ರಯೋಗಗಳೂ ತೋರಿಸಿದವು.

ನಡಿಗೆ ನಿಂತದ್ದು, ನಿದ್ದೆ ಕೆಟ್ಟದ್ದು, ಸಿಗರೇಟು ಹೆಚ್ಚಾದದ್ದು ಗೊತ್ತಿರುವುದೇ. ಕೊನೆಗೊಂದು ತೊಡಕು: ಗಾಬರಿಗೂ ಎದೆ ಬಡಿದುಕೊಳ್ಳುತ್ತದೆ, ಹೃದಯಾಘಾತಕ್ಕೂ ಬಡಿದುಕೊಳ್ಳುತ್ತದೆ. ಯಾವುದು ಯಾವುದೆಂದು ರೋಗಿಗೆ ಮನೆಯಲ್ಲಿ ಕೂತು ತಿಳಿಯದು. ಅದಕ್ಕೆ ಇಸಿಜಿ ಮತ್ತು ಟ್ರೋಪೋನಿನ್ (ಹೃದಯದ ಸ್ನಾಯುವಿಗೆ ಪೆಟ್ಟಾದಾಗ ರಕ್ತಕ್ಕೆ ಸೇರುವ ಪ್ರೋಟೀನ್) ಪರೀಕ್ಷೆಯೇ ಬೇಕು.