ಜಾಲಂಧ್ರದ ಮುಂದೆ ಐದು ನಿಮಿಷ

ನಂದಿ ಬೆಟ್ಟಕ್ಕೆ ಸೂರ್ಯೋದಯ ನೋಡಲು ಬರುವವರಲ್ಲಿ ಎಷ್ಟೋ ಜನ ಬುಡದಲ್ಲಿರುವ ನಂದಿ ಗ್ರಾಮದ ಕಡೆ ತಿರುಗುವುದೇ ಇಲ್ಲ. ಅಲ್ಲಿನ ಭೋಗನಂದೀಶ್ವರ ದೇವಸ್ಥಾನಕ್ಕೆ ಅಕ್ಕನ ಮಗಳನ್ನು ಕರೆದುಕೊಂಡು ಹೋಗಿದ್ದೆ. ಚಿಕ್ಕಬಳ್ಳಾಪುರದಲ್ಲಿ ಪಿಯುಸಿ ಓದುತ್ತಿರುವ ಹುಡುಗಿ. ಪ್ರಾಕಾರ ಒಂದು ಸುತ್ತು ಹಾಕಿ, ಹತ್ತಿಪ್ಪತ್ತು ಫೋಟೊ ತೆಗೆದು, ಹತ್ತೇ ನಿಮಿಷಕ್ಕೆ ಬಂದು ಜಗಲಿಯ ಮೇಲೆ ಕುಳಿತಳು.

"ಚೆನ್ನಾಗಿದೆ ಮಾಮ. ಆದ್ರೆ ಎಲ್ಲಾ ಒಂದೇ ಥರ ಕಾಣುತ್ತೆ. ನಂಗೆ ಶಿಲ್ಪ ಗಿಲ್ಪ ಅರ್ಥ ಆಗಲ್ಲ."

ಈ ಮಾತನ್ನು ದೊಡ್ಡವರ ಬಾಯಲ್ಲೂ ಕೇಳಿದ್ದೇನೆ. ಹೇಳುವವರು ತಮ್ಮಲ್ಲೇ ಏನೋ ಕೊರತೆ ಇದೆ ಅಂದುಕೊಳ್ಳುತ್ತಾರೆ, ಅದು ನನಗೆ ಬೇಸರ. ಎಲ್ಲ ಒಂದೇ ಥರ ಕಾಣುವುದಕ್ಕೆ ಕಾರಣ ಕಣ್ಣು ಕೆಲಸ ಮಾಡುವ ರೀತಿಯಲ್ಲೇ ಇದೆ.

ತೋಳು ಚಾಚಿ ಹೆಬ್ಬೆರಳು ಎತ್ತಿ ಹಿಡಿಯಿರಿ. ಆ ಉಗುರು ಮುಚ್ಚುವಷ್ಟು ಜಾಗ, ಅಂದರೆ ಸುಮಾರು 2 ಡಿಗ್ರಿ, ಒಂದು ಕ್ಷಣದಲ್ಲಿ ನಮಗೆ ನಿಚ್ಚಳವಾಗಿ ಕಾಣುವುದು ಇಷ್ಟೇ. ಅಕ್ಷಿಪಟಲದ ನಡುವಿನ ಫೋವಿಯಾ ಎಂಬ ಪುಟ್ಟ ಗುಳಿ ಆ ಕೆಲಸ ಮಾಡುತ್ತದೆ. ಸುತ್ತಲಿನದೆಲ್ಲ ಮಸುಕು. ಅದಕ್ಕೇ ಕಣ್ಣು ಸೆಕೆಂಡಿಗೆ ಮೂರು ನಾಲ್ಕು ಸಲ ಅಲ್ಲಿಂದಿಲ್ಲಿಗೆ ಜಿಗಿಯುತ್ತಲೇ ಇರುತ್ತದೆ. ಹೆಕ್ಕಿ ತಂದ ತುಣುಕುಗಳನ್ನು ಮಿದುಳು ಹೊಲಿದು ಒಂದೇ ಚಿತ್ರ ಮಾಡಿ ತೋರಿಸುತ್ತದೆ. ಎಲ್ಲಿಗೆ ಜಿಗಿಯಬೇಕೆಂದು ಯಾರೂ ಹೇಳದಿದ್ದರೆ ಕಣ್ಣು ಮುಖಕ್ಕೆ ಹೋಗುತ್ತದೆ, ದೇವರ ಹೆಸರು ಹೊಳೆಯುತ್ತದೆ, ಅಲ್ಲಿಗೆ ಮುಗಿಯಿತು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಜನ ಒಂದು ಕಲಾಕೃತಿಯ ಮುಂದೆ ನಿಂತದ್ದು ಸರಾಸರಿ 27 ಸೆಕೆಂಡು. ಜಗತ್ತಿನ ಮಹಾ ಕೃತಿಗಳ ಮುಂದೆಯೇ ಇಷ್ಟು!

ಅವಳನ್ನು ಭೋಗನಂದೀಶ್ವರ ಗುಡಿಯ ದಕ್ಷಿಣ ಗೋಡೆಗೆ ಕರೆದೊಯ್ದೆ. ಅಲ್ಲೊಂದು ಜಾಲಂಧ್ರ ಇದೆ, ಒಳಗೆ ಗಾಳಿ ಬೆಳಕು ಬರಲೆಂದು ತೂತು ಕೊರೆದ ಕಲ್ಲಿನ ಕಿಟಕಿ. ಅದರಲ್ಲಿ ಶಿವ ಕುಣಿಯುತ್ತಿದ್ದಾನೆ. ನೊಳಂಬರ ಕಾಲದ್ದು, ಸಾವಿರ ವರ್ಷ ದಾಟಿದ ಕೆಲಸ ಎಂಬುದನ್ನೆಲ್ಲ ನಾನು ಮೊದಲು ಹೇಳಲಿಲ್ಲ. ಇಸವಿ, ಅರಸು ಮನೆತನ ಕಿವಿಗೆ ಬಿದ್ದ ಕೂಡಲೇ ನೋಡಿಯಾಯಿತು ಅನ್ನಿಸಿಬಿಡುತ್ತದೆ. ಒಂದೇ ಪ್ರಶ್ನೆ ಕೇಳಿದೆ: "ಇದರಲ್ಲಿ ಉಳಿದ ಕಲ್ಲು ಯಾವುದು, ತೆಗೆದ ಕಲ್ಲು ಯಾವುದು?"

ಪ್ರಶ್ನೆಯೇ ಯಾಕೆಂದರೆ, ಅದಕ್ಕೊಂದು ಹಳೆಯ ಪ್ರಯೋಗದ ಆಧಾರ ಇದೆ. ಸೋವಿಯತ್ ವಿಜ್ಞಾನಿ ಆಲ್ಫ್ರೆಡ್ ಯಾರ್ಬಸ್ ಕಣ್ಣುಗುಡ್ಡೆಗೆ ಪುಟ್ಟ ಕನ್ನಡಿಯಿದ್ದ, ಹೀರಿ ಅಂಟಿಕೊಳ್ಳುವ ಚಿಕ್ಕ ಬಟ್ಟಲೊಂದನ್ನು ಕೂರಿಸಿ, ಅದರಿಂದ ಪ್ರತಿಫಲಿಸಿದ ಬೆಳಕನ್ನು ದಾಖಲಿಸಿ ನೋಟದ ಜಾಡು ಹಿಡಿಯುತ್ತಿದ್ದರು. ಇಲ್ಯಾ ರೆಪಿನ್ ಬರೆದ ಒಂದು ವರ್ಣಚಿತ್ರ, ಗಡೀಪಾರಾಗಿದ್ದವನೊಬ್ಬ ಹೇಳದೆ ಕೇಳದೆ ಮನೆಗೆ ಮರಳಿದ ದೃಶ್ಯ, ಅದನ್ನು ಒಬ್ಬನಿಗೇ ಮತ್ತೆ ಮತ್ತೆ ತೋರಿಸಿದರು. ಪ್ರತಿಸಲ ಪ್ರಶ್ನೆ ಬೇರೆ. ಇವರ ವಯಸ್ಸೆಷ್ಟು ಎಂದಾಗ ಕಣ್ಣು ಮುಖದಿಂದ ಮುಖಕ್ಕೆ ಓಡಿತು. ಮನೆಯವರ ಸ್ಥಿತಿಗತಿ ಹೇಗಿದೆ ಎಂದಾಗ ಬಟ್ಟೆ, ಪೀಠೋಪಕರಣಗಳನ್ನು ತಡಕಿತು. ಚಿತ್ರ ಅದೇ, ನೋಡುವವನೂ ಅವನೇ, ಪ್ರಶ್ನೆಯೊಂದು ಬದಲಾದದ್ದಕ್ಕೆ ನೋಟದ ದಾರಿಯೇ ಬೇರೆಯಾಯಿತು. 1967ರಲ್ಲಿ ಇಂಗ್ಲಿಷಿಗೆ ಬಂದ ಅವರ ಪುಸ್ತಕದಲ್ಲಿ ಆ ಗೆರೆಗಳನ್ನು ನೋಡಬಹುದು. ಜೇಡ ಬಲೆ ನೇಯ್ದ ಹಾಗಿವೆ.

ನಮ್ಮ ಹುಡುಗಿ ಸುಮ್ಮನೆ ನಿಂತಳು. ಒಂದು ನಿಮಿಷ ಕಳೆಯಿತು. ಆಮೇಲೆ ಬೆರಳಲ್ಲೇ ಗಾಳಿಯಲ್ಲಿ ಗೆರೆ ಎಳೆಯತೊಡಗಿದಳು. "ಮಾಮ, ಕೈ ಪಕ್ಕ ಕಪ್ಪಗಿರೋದೆಲ್ಲ ಖಾಲಿ ಜಾಗ! ಒಳಗಡೆ ಕತ್ತಲೆ ಇರೋದ್ರಿಂದ ಕಪ್ಪು ಕಾಣ್ತಿದೆ." ಹೌದು. ಬಿಸಿಲಲ್ಲಿ ತಿಳಿಯಾದ ಕಲ್ಲು, ಹಿಂದೆ ಗರ್ಭದ ಕತ್ತಲು. ಶಿಲ್ಪಿ ಆ ಕತ್ತಲನ್ನೇ ಬಣ್ಣದಂತೆ ಬಳಸಿಕೊಂಡಿದ್ದಾನೆ. ಕಲ್ಲು ಕಡಿಮೆಯಾದಷ್ಟೂ ಕುಣಿತ ಹಗುರ. ಆದರೆ ಒಂದು ಕಡೆ ಜಾಸ್ತಿ ತೆಗೆದರೂ ತೋಳು ಮುರಿದು ಬೀಳುತ್ತದೆ.

2007ರಲ್ಲಿ ನಾರ್ವೆಯ ಇಬ್ಬರು ಸಂಶೋಧಕರು ಕಲಾವಿದರ ಮತ್ತು ಸಾಮಾನ್ಯರ ನೋಟವನ್ನು ಹೋಲಿಸಿದ್ದರು. ಸಾಮಾನ್ಯರ ಕಣ್ಣು ಮನುಷ್ಯರ ಮೇಲೆ, ವಸ್ತುಗಳ ಮೇಲೆ ಹೆಚ್ಚು ನಿಂತಿತು. ಕಲಾವಿದರದು ರಚನೆಯತ್ತ, ನಾವು ಲೆಕ್ಕಕ್ಕೇ ಇಡದ ಜಾಗಗಳತ್ತಲೂ ಸುತ್ತಿತು. ಪಿಯುಸಿ ಹುಡುಗಿ ಐದು ನಿಮಿಷದಲ್ಲಿ ಕಲಾವಿದೆಯಾದಳು ಎಂದು ನಾನು ಹೇಳುತ್ತಿಲ್ಲ. ಆದರೆ ಖಾಲಿ ಜಾಗವನ್ನು ನೋಡುವ ಆ ಅಭ್ಯಾಸ ಅಲ್ಲಿ, ಆ ಗೋಡೆಯ ಮುಂದೆ ಶುರುವಾದದ್ದನ್ನು ಕಣ್ಣಾರೆ ಕಂಡೆ.

ಉತ್ತರ ಗೋಡೆಯ ಜಾಲಂಧ್ರಕ್ಕೆ ಅವಳೇ ಮುಂದಾಗಿ ಹೋದಳು. ಅಲ್ಲಿ ಕೋಣದ ತಲೆಯ ಮೇಲೆ ನಿಂತ ದುರ್ಗೆ. "ಅಲ್ಲಿ ಮಂಡಿ ಬಗ್ಗಿತ್ತು, ಇಲ್ಲಿ ಕಾಲು ನೆಟ್ಟಗಿದೆ" ಎಂದಳು, ನಾನು ಕೇಳುವ ಮೊದಲೇ.

ಅವಳು ಮೊಬೈಲ್ ಹೊರ ತೆಗೆದಾಗ ಲಿಂಡಾ ಹೆಂಕೆಲ್ ಎಂಬ ಮನೋವಿಜ್ಞಾನಿಯ ಪ್ರಯೋಗ ನೆನಪಾಗಿ ಹೇಳಿದೆ. 2014ರಲ್ಲಿ ಪ್ರಕಟವಾದದ್ದು. ಮ್ಯೂಸಿಯಂನಲ್ಲಿ ಬರೀ ಕಣ್ಣಲ್ಲಿ ನೋಡಿದ ವಸ್ತುಗಳಿಗಿಂತ ಫೋಟೊ ತೆಗೆದ ವಸ್ತುಗಳು ವಿದ್ಯಾರ್ಥಿಗಳಿಗೆ ಕಡಿಮೆ ನೆನಪಿದ್ದವು. ಕ್ಯಾಮೆರಾ ನೋಡಿಕೊಳ್ಳುತ್ತದೆ ಬಿಡು ಎಂದು ಮನಸ್ಸು ಕೈಬಿಡುತ್ತದೇನೋ. ವಸ್ತುವಿನ ಒಂದು ಭಾಗವನ್ನು ಜೂಮ್ ಮಾಡಿ ತೆಗೆದವರಿಗೆ ಮಾತ್ರ ಆ ನಷ್ಟ ಆಗಲಿಲ್ಲ.

ಅವಳು ಮೊಬೈಲನ್ನು ಕೆಳಗಿಳಿಸಿ ಮತ್ತೊಮ್ಮೆ ನೋಡಿದಳು. ಆಮೇಲೆ ಹತ್ತಿರ ಹೋಗಿ ಒಂದೇ ಒಂದು ಫೋಟೊ ತೆಗೆದಳು: ದುರ್ಗೆಯ ಪಾದ ಕೋಣದ ತಲೆಗೆ ತಾಗುವ ಜಾಗ.