ಸೊನ್ನೆಯ ಆಸುಪಾಸಿನಲ್ಲಿ ಕಿಟಕಿ ತೊಳೆಯುವವರು

ಬೆಂಗಳೂರಿನಲ್ಲಿ ಇದುವರೆಗೆ ದಾಖಲಾಗಿರುವ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ ಸೆಲ್ಸಿಯಸ್. ಅದೂ 1884ರ ಜನವರಿಯಲ್ಲಿ. ನಮ್ಮ ಗಾಜಿನ ಕಟ್ಟಡಗಳಲ್ಲಿ ಹಗ್ಗ ಕಟ್ಟಿಕೊಂಡು ಇಳಿಯುವ ಕೆಲಸಗಾರರಿಗೆ ಬಿಸಿಲು, ಗಾಳಿ, ಎತ್ತರ ಇವುಗಳ ಕಾಟ ಉಂಟೇ ಹೊರತು, ಬಳಿದ ನೀರು ಕಣ್ಣೆದುರಿಗೇ ಗಟ್ಟಿಯಾಗುವ ಕಾಟವಿಲ್ಲ. ಬ್ರಿಟನ್ನಿನಲ್ಲಿ ಹಾಗಲ್ಲ. ಅಲ್ಲಿ ಒಂದು ಪುಟ್ಟ ವ್ಯಾನು, ಒಂದಿಷ್ಟು ಸಲಕರಣೆ ಇಟ್ಟುಕೊಂಡು ಮನೆಯಿಂದ ಮನೆಗೆ ಹೋಗಿ ಕಿಟಕಿಗಳ ಹೊರಮೈ ತೊಳೆದುಕೊಡುವುದು ಬಹಳ ಜನರ ಬದುಕಿನ ದಾರಿ. ವಾರಗಳ ಲೆಕ್ಕದಲ್ಲಿ ಸರದಿ ಬರುವ ಈ ಕೆಲಸ ಡಿಸೆಂಬರ್, ಜನವರಿ ಎಂದು ನಿಲ್ಲುವುದಿಲ್ಲ. ಒಂದು ವಾರ ನಿಂತರೆ ಆ ವಾರದ ಸಂಪಾದನೆಯೂ ನಿಲ್ಲುತ್ತದೆ.

ಈಚಿನ ದಶಕಗಳಲ್ಲಿ ಈ ಕೆಲಸದ ರೀತಿಯೇ ಬದಲಾಗಿದೆ. ಏಣಿ ಹತ್ತಿ, ಸೋಪುನೀರು ಬಳಿದು, ರಬ್ಬರ್ ಪಟ್ಟಿಯ ಸ್ಕ್ವೀಜಿಯಿಂದ ಎಳೆದು ತೆಗೆಯುವ ಹಳೆಯ ಕ್ರಮದ ಜೊತೆಗೆ, ನೆಲದ ಮೇಲೆಯೇ ನಿಂತು ಉದ್ದನೆಯ ಕಾರ್ಬನ್ ಫೈಬರ್ ಕೋಲಿನ ತುದಿಯ ಬ್ರಷ್‌ನಿಂದ ನೀರು ಚಿಮ್ಮಿಸುತ್ತಾ ತಿಕ್ಕುವ ಕ್ರಮ ಬಂದಿದೆ. ವ್ಯಾನಿನ ತೊಟ್ಟಿಯಲ್ಲಿರುವುದು ರಿವರ್ಸ್ ಆಸ್ಮಾಸಿಸ್ ಮತ್ತು ರಾಳದ ಶೋಧಕಗಳ ಮೂಲಕ ಲವಣಗಳನ್ನು ಕಳೆದುಕೊಂಡ ಶುದ್ಧ ನೀರು. ಒರೆಸದೆ ಬಿಟ್ಟರೂ ಅದು ಕಲೆ ಉಳಿಸದೆ ಒಣಗುತ್ತದೆ. ಎತ್ತರದ ಕೆಲಸಗಳ ಕುರಿತು ಬ್ರಿಟನ್ 2005ರಲ್ಲಿ ತಂದ ನಿಯಮಾವಳಿಯೂ ಈ ಬದಲಾವಣೆಗೆ ಇಂಬು ಕೊಟ್ಟಿತು: ಹತ್ತದೆ ಮಾಡಬಹುದಾದ ಕೆಲಸಕ್ಕೆ ಹತ್ತಬಾರದು, ಹತ್ತಲೇಬೇಕಾದರೆ ಹವಾಮಾನ ಜೀವಕ್ಕೆ ಕುತ್ತು ತರುವಂತಿರಬಾರದು ಎಂಬುದು ಅದರ ತಿರುಳು. ಮೇಲಿನಿಂದ ಬೀಳುವ ಭಯ ಇದರಿಂದ ತಗ್ಗಿತು, ನಿಜ. ಆದರೆ ಬಕೆಟ್ಟಿನಲ್ಲಿ ಮುಗಿಯುತ್ತಿದ್ದ ನೀರು ಈಗ ಲೀಟರುಗಟ್ಟಲೆ ನೆಲಕ್ಕೆ ಸುರಿಯುತ್ತದೆ. ಚಳಿಗಾಲದ ತೊಡಕಿನ ದೊಡ್ಡ ಪಾಲು ಇಲ್ಲಿಯೇ ಇದೆ.

ಗಾಜಿನಿಂದಲೇ ಆರಂಭಿಸೋಣ. ಒಂದು ಚದರ ಮೀಟರ್ ವಿಸ್ತಾರದ, 4 ಮಿಲಿಮೀಟರ್ ದಪ್ಪದ ಗಾಜು ಸುಮಾರು 10 ಕಿಲೋ ತೂಗುತ್ತದೆ. ಅದರ ಮೇಲೆ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ತೆಳುವಾಗಿ ನೀರು ಬಳಿದರೆ ಆ ನೀರಿನ ತೂಕ ಬರೀ 100 ಗ್ರಾಂ. ಸೊನ್ನೆ ಡಿಗ್ರಿಯ ಅಷ್ಟು ನೀರು ಮಂಜುಗಡ್ಡೆಯಾಗಲು ಬಿಟ್ಟುಕೊಡಬೇಕಾದ ಗುಪ್ತೋಷ್ಣ ಸುಮಾರು 33 ಕಿಲೋಜೂಲ್. ಇತ್ತ ಗಾಜು ಮೈನಸ್ 4 ಡಿಗ್ರಿಯಲ್ಲಿದ್ದರೆ, ಅದು ಸೊನ್ನೆಗೆ ಏರಲು ಬೇಕಾದ ಶಾಖವೂ ಹೆಚ್ಚುಕಡಿಮೆ 33 ಕಿಲೋಜೂಲ್! ಅಂದರೆ ಗಾಳಿಯ ನೆರವೇ ಇಲ್ಲದೆ, ರಾತ್ರಿಯಿಡೀ ತಾನು ಕೂಡಿಟ್ಟುಕೊಂಡ ತಂಪಿನಿಂದಲೇ ಗಾಜು ಆ ನೀರನ್ನು ಗಟ್ಟಿ ಮಾಡಬಲ್ಲದು. ಸ್ಕ್ವೀಜಿಯನ್ನು ಮೇಲಿಂದ ಕೆಳಗೆ ಎಳೆಯುವಷ್ಟರಲ್ಲಿ ಗಾಜಿನ ಮೇಲೆ ಜರಿಗಿಡದ ಎಲೆಯಂಥ ಚಿತ್ತಾರ ಮೂಡಿ ರಬ್ಬರು ಅದರ ಮೇಲೆ ಕರಕರ ಸದ್ದು ಮಾಡುವುದು ಈ ಲೆಕ್ಕದ ಫಲ.

ಎಲ್ಲ ಕಿಟಕಿಗಳೂ ಹೀಗೆ ವರ್ತಿಸುವುದಿಲ್ಲ ಎಂಬುದು ಇನ್ನೂ ಸ್ವಾರಸ್ಯದ ಸಂಗತಿ. ಹೊರಗೆ ಮೈನಸ್ 2, ಮನೆಯೊಳಗೆ 20 ಡಿಗ್ರಿ ಇರುವ ಮೋಡ ಕವಿದ ದಿನವೊಂದನ್ನು ನೆನೆಯಿರಿ. ಒಂಟಿ ಗಾಜಿನ ಹಳೆಯ ಕಿಟಕಿಯ ಮೂಲಕ ಮನೆಯ ಶಾಖ ಧಾರಾಳವಾಗಿ ಸೋರಿಹೋಗುವುದರಿಂದ ಅದರ ಹೊರಮೈ 3 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ; ಅಲ್ಲಿ ನೀರು ನೀರಾಗಿಯೇ ಉಳಿಯುತ್ತದೆ. ಶಾಖ ಸೋರದಂತೆ ಲೇಪನ ಕೊಟ್ಟ ಜೋಡಿ ಗಾಜಿನ ಹೊಸ ಕಿಟಕಿಯ ಹೊರಮೈ ಮಾತ್ರ ಮೈನಸ್ 1ರಲ್ಲೇ ನಿಂತಿರುತ್ತದೆ. ಮನೆಯವರ ಇಂಧನದ ಖರ್ಚು ಉಳಿಸುವ ಕಿಟಕಿ ತೊಳೆಯುವವನ ಪಾಲಿಗೆ ಹಠಮಾರಿ. ಆಕಾಶ ತಿಳಿಯಾಗಿದ್ದ ರಾತ್ರಿಯ ಮರುದಿನವಂತೂ, ಗಾಜು ತನ್ನ ಶಾಖವನ್ನು ವಿಕಿರಣದ ರೂಪದಲ್ಲಿ ಆಕಾಶಕ್ಕೆ ಬಿಟ್ಟುಕೊಟ್ಟು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗಿರುತ್ತದೆ. ಬೆಳಗಿನ ಬಿಸಿಲು ಬೀಳುವ ಗೋಡೆಯಿಂದ ಕೆಲಸ ಶುರುಮಾಡಿ, ನೆರಳಿನ ಗೋಡೆಯನ್ನು ಮಧ್ಯಾಹ್ನಕ್ಕೆ ಉಳಿಸಿಕೊಳ್ಳುವುದು ಅದಕ್ಕಾಗಿಯೇ ಒಳ್ಳೆಯದು.

ಹವಾಮಾನ ವರದಿಯಲ್ಲಿ 2 ಡಿಗ್ರಿ ಎಂದಿದ್ದರೆ ನಿಶ್ಚಿಂತೆಯೇ? ಅದನ್ನೂ ಹೇಳುವಂತಿಲ್ಲ. ಬೇಸಿಗೆಯಲ್ಲಿ ಮಣ್ಣಿನ ಮಡಕೆಯ ನೀರು ತಣ್ಣಗಾಗುವುದು ಮೈಯಿಂದ ಜಿನುಗಿದ ನೀರು ಆವಿಯಾಗುತ್ತಾ ಶಾಖವನ್ನು ಒಯ್ಯುವುದರಿಂದ. ಒದ್ದೆ ಗಾಜಿನ ಮೇಲೂ ಅದೇ ನಡೆಯುತ್ತದೆ. ಗಾಳಿ 2 ಡಿಗ್ರಿಯಲ್ಲಿದ್ದು ಆರ್ದ್ರತೆ ಶೇ. 50ರಷ್ಟಿದ್ದರೆ, ಬೀಸುಗಾಳಿಗೆ ಒಡ್ಡಿದ ಒದ್ದೆ ಮೈ ಮೈನಸ್ 1ರವರೆಗೂ ಇಳಿಯಬಲ್ಲದು. ಇದಕ್ಕೂ ವರದಿಗಳಲ್ಲಿ ಕೊಡುವ ‘ಗಾಳಿ ಚಳಿ’ಯ ಅಂಕಿಗೂ ಸಂಬಂಧವಿಲ್ಲ. ಮೈನಸ್ 5 ಡಿಗ್ರಿಯಲ್ಲಿ ಗಂಟೆಗೆ 30 ಕಿಲೋಮೀಟರ್ ವೇಗದ ಗಾಳಿ ಬೀಸಿದರೆ ಮೈನಸ್ 13ರಂತೆ ಅನಿಸುತ್ತದೆ ಎಂಬುದು ಮನುಷ್ಯನ ಚರ್ಮಕ್ಕೆ ಹೊಂದಿಸಿದ ಲೆಕ್ಕ. ಒಣ ಗಾಜು, ಒಣ ಏಣಿ ಎಷ್ಟೇ ಗಾಳಿ ಬೀಸಿದರೂ ಬರೀ ಆ ಬೀಸುವಿಕೆಯಿಂದ ಗಾಳಿಗಿಂತ ತಣ್ಣಗಾಗುವುದಿಲ್ಲ.

ನೀರು ಹೆಪ್ಪುಗಟ್ಟದಂತೆ ತಡೆಯಲು ಬಕೆಟ್ಟಿಗೆ ಸ್ಪಿರಿಟ್, ಅಂದರೆ ಮುಖ್ಯವಾಗಿ ಎಥೆನಾಲ್, ಬೆರೆಸುವುದು ಹಳೆಯ ಉಪಾಯ. ತೂಕದಲ್ಲಿ ಹತ್ತನೇ ಒಂದು ಪಾಲು ಎಥೆನಾಲ್ ಇದ್ದರೆ ನೀರಿನ ಘನೀಕರಣ ಬಿಂದು ಸುಮಾರು ಮೈನಸ್ 4.5ಕ್ಕೆ ಇಳಿಯುತ್ತದೆ. ಹಾಗೆಂದು ಸುಮ್ಮನೆ ಹೆಚ್ಚು ಹೆಚ್ಚು ಸುರಿಯುವಂತಿಲ್ಲ. ಎಥೆನಾಲ್ ನೀರಿಗಿಂತ ಬೇಗ ಆವಿಯಾಗುವುದರಿಂದ ಗಾಜಿನ ಮೇಲೆ ಉಳಿಯುವುದು ಮತ್ತೆ ನೀರೇ; ಎಥೆನಾಲ್ ಚರ್ಮದ ಎಣ್ಣೆಯಂಶವನ್ನು ಕಿತ್ತು ಕೈ ಬಿರಿಯುವಂತೆ ಮಾಡುತ್ತದೆ; ಬೆರೆಸುವ ಮುನ್ನ ಅದರ ಡಬ್ಬಿ ಮುಚ್ಚಿದ ವ್ಯಾನಿನೊಳಗೆ ಬೆಂಕಿಯ ಅಪಾಯವೂ ಹೌದು. ಇನ್ನು, ಶುದ್ಧ ನೀರು ನಲ್ಲಿಯ ನೀರಿಗಿಂತ ಬೇಗ ಹೆಪ್ಪುಗಟ್ಟುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಕಿಲ್ಲ. ಗಡಸು ನೀರಿನ ಲವಣಗಳು ಘನೀಕರಣ ಬಿಂದುವನ್ನು ತಗ್ಗಿಸುವುದು ಒಂದು ಡಿಗ್ರಿಯ ನೂರರಲ್ಲೊಂದೆರಡು ಭಾಗದಷ್ಟು ಮಾತ್ರ.

ವ್ಯಾನಿನಲ್ಲಿ ನೀರು ಕಾಯಿಸಿಕೊಳ್ಳುವ ಏರ್ಪಾಡು ಇದಕ್ಕಿಂತ ವಾಸಿ. ಬೆಚ್ಚನೆಯ ನೀರು ಸತತವಾಗಿ ಹರಿದರೆ ಗಾಜನ್ನೇ ಸೊನ್ನೆಯಿಂದ ಮೇಲೆತ್ತಿ, ಕೊಳೆಯನ್ನೂ ಸಡಿಲಿಸುತ್ತದೆ. ಬೆಚ್ಚನೆಯ ಎಂದೆನೇ ಹೊರತು ಕುದಿಯುವ ಎಂದಲ್ಲ. ಗಾಜು ಶಾಖವನ್ನು ಮೈಯುದ್ದಕ್ಕೂ ಬೇಗ ಹಂಚಿಕೊಳ್ಳುವ ವಸ್ತುವಲ್ಲ. ಬಿಸಿಯಾದ ನಡುಭಾಗ ಹಿಗ್ಗಲು ಹೊರಟಾಗ ಚೌಕಟ್ಟಿನೊಳಗೆ ಅಡಗಿರುವ ತಣ್ಣನೆಯ ಅಂಚು ಅದನ್ನು ಹಿಡಿದೆಳೆಯುತ್ತದೆ. ಆ ಎಳೆತ ಅಂಚಿನ ಸಣ್ಣ ಕಚ್ಚೊಂದನ್ನು ಹುಡುಕಿಕೊಳ್ಳುತ್ತದೆ. ಹದಗೊಳಿಸದ ಸಾಧಾರಣ ಗಾಜು 40 ಡಿಗ್ರಿಯ ಆಸುಪಾಸಿನ ವ್ಯತ್ಯಾಸಕ್ಕೇ ಸೀಳಬಹುದು. ಮಂಜು ಕಟ್ಟಿದ ಕಿಟಕಿಗೆ ಕೆಟಲಿನ ನೀರು ಎರಚುವುದು ಆದ್ದರಿಂದಲೇ ತರವಲ್ಲ.

ಕೈಯ ವಿಷಯಕ್ಕೆ ಬಂದರೆ, ನೀರು ಗಾಳಿಗಿಂತ ಇಪ್ಪತ್ತೈದು ಪಟ್ಟು ಚೆನ್ನಾಗಿ ಶಾಖವನ್ನು ದಾಟಿಸುತ್ತದೆ. ಒದ್ದೆಯಾದ ದಪ್ಪ ಕೈಗವಸಿಗಿಂತ ಒಣಗಿರುವ ತೆಳು ಕೈಗವಸು ಮೇಲು. ಉಣ್ಣೆಯ ಒಳಗವಸು, ಅದರ ಮೇಲೆ ನೀರು ಇಳಿಯದ ರಬ್ಬರಿನ ಗವಸು, ಜೇಬಿನಲ್ಲಿ ಇನ್ನೊಂದು ಒಣ ಜೋಡಿ ಇದ್ದರೆ ಅನುಕೂಲ. ಬೆರಳಿನ ಚರ್ಮ 15 ಡಿಗ್ರಿಗಿಂತ ತಣ್ಣಗಾದಾಗ ಹಿಡಿತದ ನಾಜೂಕು ಕುಸಿಯತೊಡಗುತ್ತದೆ. ಚಳಿಗೆ ಮುಚ್ಚಿಕೊಂಡ ಬೆರಳಿನ ರಕ್ತನಾಳಗಳು ಕೆಲವು ನಿಮಿಷಗಳ ಬಳಿಕ ತಾವಾಗಿಯೇ ತೆರೆದು ಮುಚ್ಚುವುದನ್ನು ಬ್ರಿಟಿಷ್ ವೈದ್ಯ ಥಾಮಸ್ ಲೂಯಿಸ್ 1930ರಲ್ಲಿ ವಿವರಿಸಿದರು; ಆದರೆ ಮೈಯೆಲ್ಲ ಕೊರೆಯುತ್ತಿದ್ದರೆ ದೇಹ ಈ ಔದಾರ್ಯವನ್ನು ತೋರುವುದಿಲ್ಲ. ಬೆರಳು ಬೆಚ್ಚಗಿರಬೇಕಾದರೆ ಎದೆ, ಹೊಟ್ಟೆ ಬೆಚ್ಚಗಿರಬೇಕು. ಮಾತು ತೊದಲಿ, ಹೆಜ್ಜೆ ಎಡವಿ, ಕೈಯಲ್ಲಿದ್ದದ್ದು ಪದೇಪದೇ ಜಾರಿದರೆ ದೇಹದ ಒಳಗಿನ ಉಷ್ಣಾಂಶವೇ ಇಳಿಯುತ್ತಿರಬಹುದು. ಆಗ ಇನ್ನೊಂದು ಮನೆ ಮುಗಿಸಿಬಿಡೋಣ ಎಂಬ ಲೆಕ್ಕಾಚಾರ ಬೇಡ.

ಕೆಲಸದ ನಡುವೆ ಚಹಾಕ್ಕೆ ನಿಂತಾಗ ಮೊದಲು ಕೈಕೊಡುವುದು ತೊಟ್ಟಿಯಲ್ಲ, ಪೈಪು. ನೂರು ಮೀಟರ್ ಉದ್ದದ, 6 ಮಿಲಿಮೀಟರ್ ಒಳವ್ಯಾಸದ ಪೈಪಿನಲ್ಲಿರುವ ನೀರು 3 ಲೀಟರಿಗೂ ಕಡಿಮೆ. ಚಳಿಗೆ ತೆರೆದುಕೊಂಡ ಮೈ ಮಾತ್ರ ನೂರು ಮೀಟರ್. ಹರಿಯುವಷ್ಟು ಹೊತ್ತು ಸರಿ, ನಿಲ್ಲಿಸಿದರೆ ಕಟ್ಟಿಕೊಳ್ಳುತ್ತದೆ. ಐನೂರು ಲೀಟರಿನ ತೊಟ್ಟಿ ಒಂದೇ ರಾತ್ರಿಯಲ್ಲಿ ಗಟ್ಟಿಯಾಗುವುದು ಕಷ್ಟ, ಆದರೆ ಸಂಜೆ ಶೋಧಕವನ್ನು ಬರಿದು ಮಾಡದಿದ್ದರೆ, ಹೆಪ್ಪುಗಟ್ಟುವಾಗ ಶೇ. 9ರಷ್ಟು ಹಿಗ್ಗುವ ನೀರು ಅದರ ಪೊರೆಯನ್ನೋ ಕೊಳವೆಯ ಜೋಡಣೆಯನ್ನೋ ಸೀಳಿಬಿಡುತ್ತದೆ.

ಕೊನೆಗೆ ನೆಲ. ಮಂಜುಗಡ್ಡೆಯ ಮೇಲ್ಮೈಯಲ್ಲಿ ಸೊನ್ನೆಗಿಂತ ಕೆಳಗೂ ನೀರಿನಂಥ ತೆಳುಪದರ ಇರುತ್ತದೆಂದು ಮೈಕೆಲ್ ಫ್ಯಾರಡೆ 1850ರಲ್ಲಿಯೇ ಹೇಳಿದ್ದರು. ಸೊನ್ನೆಯ ಹತ್ತಿರವಂತೂ ಮಂಜುಗಡ್ಡೆ ಇನ್ನಷ್ಟು ಒದ್ದೆ, ಇನ್ನಷ್ಟು ಜಾರು. ಎರಡನೇ ಮಹಡಿಯ ಕಿಟಕಿಯಿಂದ ಇಳಿದ ನೀರು ಕಲ್ಲುಹಾಸಿನ ಮೇಲೆ ಹರಡಿ, ಕಲ್ಲಿನ ಬಣ್ಣವೇ ಕಾಣುವಂಥ ಪಾರದರ್ಶಕ ಪದರವಾಗುತ್ತದೆ. ತೊಳೆಯುವವನ ಕಣ್ಣು ಕೋಲಿನ ತುದಿಯಲ್ಲಿ, ತಲೆ ಹಿಂದಕ್ಕೆ ವಾಲಿ, ಪಾದಗಳು ತಾನೇ ಸುರಿಸಿದ ನೀರಿನಲ್ಲಿ. ಏಣಿಯಾದರೆ ಅದರ ಬುಡ ಅದೇ ನೆಲದಲ್ಲಿ ಊರಿರಬೇಕು. ನಾಲ್ಕು ಅಡಿ ಎತ್ತರಕ್ಕೆ ಗೋಡೆಯಿಂದ ಒಂದು ಅಡಿ ಆಚೆಗೆ ಎಂಬ ಸರಿಯಾದ ಓರೆಯೂ ಕಾಲಡಿಯ ಘರ್ಷಣೆಯನ್ನೇ ನಂಬಿಕೊಂಡದ್ದು. ಉಪ್ಪು ಎರಚುವುದಿದ್ದರೆ ಪೈಪು ಬಿಚ್ಚುವ ಮೊದಲೇ ಎರಚಬೇಕು. ಶೇ. 23ರ ಉಪ್ಪುನೀರು ಮೈನಸ್ 21ರವರೆಗೂ ಹೆಪ್ಪುಗಟ್ಟುವುದಿಲ್ಲವಾದರೂ, ಒಮ್ಮೆ ಗಟ್ಟಿಯಾದದ್ದನ್ನು ಕರಗಿಸಲು ಉಪ್ಪಿಗೆ ಹೊತ್ತು ಬೇಕು, ಮೈನಸ್ 10ರ ಸುಮಾರಿಗೆ ಅದು ತೀರಾ ನಿಧಾನ. ವ್ಯಾನು ಮುಂದಿನ ಬೀದಿಗೆ ತಿರುಗಿದ ಮೇಲೂ ಆ ನೀರು ಅಲ್ಲೇ ಇರುತ್ತದೆ. ಜನವರಿಯ ಲಂಡನ್ನಿನಲ್ಲಿ ಸಂಜೆ ನಾಲ್ಕೂವರೆಯ ಹೊತ್ತಿಗೆ ಕತ್ತಲಾಗುತ್ತದೆ, ಅಂಚೆಯವರು ಮರುದಿನ ಅದೇ ಮೆಟ್ಟಿಲು ಹತ್ತುತ್ತಾರೆ.