ಐನ್‌ಮನೆ ಯಾಕೆ ಗುಂಡಿಯಲ್ಲಿದೆ?

ಪ್ರಶ್ನೆ: ಕೊಡಗಿನಲ್ಲಿರುವ ನಮ್ಮ ಐನ್‌ಮನೆ (ಕುಟುಂಬದ ಮೂಲ ಮನೆ) ರಸ್ತೆಯಿಂದ ತುಂಬಾ ಕೆಳಗೆ, ಗದ್ದೆ ಪಕ್ಕ, ತೋಡಿನ (ಸಣ್ಣ ಹಳ್ಳದ) ಹತ್ತಿರ ಇದೆ. ಟಿಪ್ಪು ಸೈನ್ಯಕ್ಕೆ ಕಾಣದಿರಲಿ ಅಂತ ಹಿರಿಯರು ಹಾಗೆ ಕಟ್ಟಿದರಂತೆ, ನಿಜವಾ? ಈಗ ಮಳೆಗಾಲ ಬಂದರೆ ಭಯ. ಕೆಡವಿ ಮೇಲೆ ಕಟ್ಟುವುದು ಒಳ್ಳೆಯದಾ?

ಉತ್ತರ: ಜೋರು ಮಳೆಯ ಕಕ್ಕಡ ತಿಂಗಳು ಬಂತೆಂದರೆ ಈ ಪ್ರಶ್ನೆಯೂ ಬರುತ್ತದೆ. ಕೇಳುವವರು ಬದಲಾಗುತ್ತಾರೆ, ಟಿಪ್ಪು ಮಾತ್ರ ಬದಲಾಗುವುದಿಲ್ಲ. ಮೊದಲು ಆ ಕತೆಯನ್ನೇ ನೋಡೋಣ.

ಅಡಗಿಸಲು ಕಟ್ಟಿದ ಮನೆ ಹೀಗಿರುವುದಿಲ್ಲ. ಐನ್‌ಮನೆಯ ಮುಂದೆ ತೆರೆದ ಅಂಗಳ, ಅದರ ಕೆಳಗೆ ಗದ್ದೆ ಬಯಲು. ಬಯಲಿನ ಆ ತುದಿಯಲ್ಲಿ ನಿಂತವನಿಗೆ ಮಾಡು (ಛಾವಣಿ) ಕಾಣುತ್ತದೆ, ಒಲೆಯ ಹೊಗೆ ಕಾಣುತ್ತದೆ, ಕೈಯಾಲೆಯಲ್ಲಿ (ಮುಂದಿನ ಜಗಲಿಯಲ್ಲಿ) ಕೂತವರೂ ಕಾಣುತ್ತಾರೆ. ನಿಜವಾಗಿ ಮರೆಯಲ್ಲಿ ಕಟ್ಟಿದ್ದು ಹೇಗಿರುತ್ತದೆ ಅಂತ ನೋಡಬೇಕಿದ್ದರೆ ಕಕ್ಕಬ್ಬೆ ಹತ್ತಿರದ ನಾಲ್ಕುನಾಡು ಅರಮನೆಗೆ ಹೋಗಿ. ಟಿಪ್ಪುವಿನ ಸೆರೆಯಿಂದ 1788ರಲ್ಲಿ ತಪ್ಪಿಸಿಕೊಂಡು ಬಂದ ಕೊಡಗಿನ ರಾಜ ದೊಡ್ಡವೀರರಾಜೇಂದ್ರ ಅದನ್ನು 1792ರಿಂದ 1794ರೊಳಗೆ ಕಟ್ಟಿಸಿದ. ತಡಿಯಂಡಮೋಳ್ ಬೆಟ್ಟದ ಬುಡ, ಬೆನ್ನಿಗೆ ಕಾಡು. ನಿಮ್ಮ ಗದ್ದೆ ಪಕ್ಕದ ಮನೆಗೂ ಅದಕ್ಕೂ ಹೋಲಿಕೆ ಇದೆಯಾ?

ಯುದ್ಧಕ್ಕೆಂದು ಇಲ್ಲಿಯವರು ಮಾಡಿಕೊಂಡಿದ್ದು ಕಡಂಗ. ಗುಡ್ಡ ಹತ್ತಿ ಇಳಿದು ಮೈಲಿಗಟ್ಟಲೆ ಹೋಗುವ ಆಳದ ಕಂದಕ. ಎಷ್ಟೋ ತೋಟಗಳ ಒಳಗೆ ಈಗಲೂ ಇದೆ. ಅಷ್ಟು ಮಣ್ಣು ಅಗೆದವರು ಮನೆ ಬಚ್ಚಿಡಲು ಗುಂಡಿ ಹುಡುಕಿಕೊಂಡು ಹೋದರು ಅಂದರೆ ಹೇಗೆ ನಂಬುವುದು?

"ಹಾಗಾದರೆ ಐನ್‌ಮನೆಗೆ ಹೋಗುವ ಓಣಿ ಯಾಕಿದೆ?" ಅಂತ ಒಬ್ಬರಾದರೂ ಕೇಳಿಯೇ ಕೇಳುತ್ತಾರೆ. ಓಣಿ ಇಕ್ಕಟ್ಟು, ಎರಡೂ ಕಡೆ ಎತ್ತರದ ಮಣ್ಣಿನ ದಿಣ್ಣೆ, ಗೊತ್ತಿಲ್ಲದವರು ಗುಂಪಾಗಿ ನುಗ್ಗುವುದು ಕಷ್ಟ. ಒಪ್ಪಿದೆ. ಆದರೆ ಓಣಿಯನ್ನು ಎತ್ತರದಲ್ಲೂ ಮಾಡಬಹುದಿತ್ತಲ್ವಾ? ಅದಕ್ಕೆ ತಗ್ಗು ಬೇಕಿಲ್ಲ.

ಇನ್ನೂ ಒಂದು ಮಾತು. ಟಿಪ್ಪು ಸತ್ತದ್ದು 1799ರಲ್ಲಿ. ಕೊಡಗು ಬ್ರಿಟಿಷರ ಕೈಗೆ ಹೋದದ್ದು 1834ರಲ್ಲಿ. ಈಗ ನಿಂತಿರುವ ಐನ್‌ಮನೆಗಳಲ್ಲಿ ಎಷ್ಟೋ ಅದರ ನಂತರ ಕಟ್ಟಿದವು, ಇಲ್ಲವೇ ಹಳೆಯದನ್ನು ಬಿಚ್ಚಿ ಮತ್ತೆ ಕಟ್ಟಿದವು. ದಾಳಿಯ ಭಯ ಹೋದ ಮೇಲೂ ಜನ ಗದ್ದೆ ಬದಿಯನ್ನು ಬಿಡಲಿಲ್ಲ. ಕಾರಣ ಒಂದೇ, ಭತ್ತ.

ಗದ್ದೆ ಇರುವುದು ನೀರು ಹರಿಯುವ ತಗ್ಗಿನಲ್ಲಿ. ನಾಟಿ, ಕೊಯ್ಲು, ಕಣ, ಪತ್ತಾಯ (ಭತ್ತದ ಕಣಜ) ಎಲ್ಲ ಅದರ ಸುತ್ತ. ಸೌದೆ, ಸೊಪ್ಪು, ಮೇವು ಬರುವುದು ಹಿಂದಿನ ಬಾಣೆಯಿಂದ, ಅಂದರೆ ಗದ್ದೆಗೆ ಸೇರಿದ ಮರಗಿಡಗಳ ಗುಡ್ಡದಿಂದ. ಜಮ್ಮಾ (ವಂಶಪಾರಂಪರ್ಯ ಭೂಹಿಡುವಳಿ) ಲೆಕ್ಕದಲ್ಲೂ ಗದ್ದೆ ಮತ್ತು ಅದಕ್ಕೆ ಸೇರಿದ ಬಾಣೆ ಜೋಡಿಯಾಗಿಯೇ ಇವೆ. ಎರಡರ ನಡುವೆ ಮನೆ ಕಟ್ಟದೆ ಇನ್ನೆಲ್ಲಿ ಕಟ್ಟಬೇಕಿತ್ತು? ಬಾಣೆಯ ಮರೆಯಲ್ಲಿ ಮಳೆಗಾಲದ ಗಾಳಿಯೂ ಕಡಿಮೆ, ಬಾವಿಯಲ್ಲಿ ನೀರೂ ಬೇಗ ಸಿಗುತ್ತದೆ.

ಅಂದಹಾಗೆ, ಮನೆ ಗುಂಡಿಯಲ್ಲೂ ಇಲ್ಲ. ಒಮ್ಮೆ ಗದ್ದೆ ಏರಿಯ ಮೇಲೆ ನಿಂತು ನೋಡಿ. ಮನೆ ನಿಮಗಿಂತ ಮೇಲಿರುತ್ತದೆ, ಮೆಟ್ಟಿಲು ಹತ್ತಿಯೇ ಹೋಗಬೇಕು. ಕೊಡಗಿನಲ್ಲಿ ಯುರೋಪಿಯನ್ನರ ಮೊದಲ ಕಾಫಿ ಎಸ್ಟೇಟ್ ಶುರುವಾದದ್ದು 1854ರಲ್ಲಿ. ಆಮೇಲೆ ಹಣ ಗುಡ್ಡ ಹತ್ತಿತು, ಹಿಂದೆಯೇ ಬಂಗಲೆ ಹತ್ತಿತು, ರಸ್ತೆ ಹತ್ತಿತು. ಈಗ ನೀವು ಕಾರಿನಿಂದಿಳಿದು ಮೇಲಿಂದ ಕೆಳಗೆ ನೋಡುತ್ತೀರಿ. ಮನೆ ಇದ್ದಲ್ಲೇ ಇದೆ.

ಮಳೆಯ ಭಯದ ವಿಷಯ ಬೇರೆ, ಅದು ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಆದರೆ ನೀವು ತೋಡನ್ನು ನೋಡಿ ಹೆದರುತ್ತಿದ್ದೀರಿ, ನೋಡಬೇಕಾದದ್ದು ಹಿಂದಿನ ಬರೆಯನ್ನು, ಅಂದರೆ ಮನೆ ಹಿಂದಿನ ಕಡಿದಾದ ಮಣ್ಣಿನ ಇಳಿಜಾರನ್ನು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಮನೆಗಳನ್ನು ಎಳೆದುಕೊಂಡು ಹೋದದ್ದು ಮೇಲಿಂದ ಜಾರಿದ ಮಣ್ಣು. ರಸ್ತೆಗೆ, ಕಟ್ಟಡಕ್ಕೆ ಅಂತ ಇಳಿಜಾರನ್ನು ಕಡಿದದ್ದು ಮುಖ್ಯ ಕಾರಣ ಅಂತ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯೂ ಹೇಳಿತು. ನಿಮ್ಮ ಮನೆಯ ಮೇಲಿನ ಬರೆಯನ್ನು ಯಾರಾದರೂ ಜೆಸಿಬಿ ತಂದು ಕಡಿದಿದ್ದಾರಾ? ಬಿರುಕು ಬಿಟ್ಟಿದೆಯಾ? ಇಲ್ಲದಿದ್ದ ಕಡೆ ಕೆಸರು ನೀರು ಉಕ್ಕುತ್ತಿದೆಯಾ? ಹಾಗಿದ್ದರೆ ಆ ಮಳೆಗಾಲಕ್ಕೆ ಮನೆ ಬಿಟ್ಟು ಬೇರೆ ಕಡೆ ಇರಿ, ವಾದ ಬೇಡ. ಇಲ್ಲದಿದ್ದರೆ, "ಸೇಫ್ ಆಗಲಿ" ಅಂತ ಅದೇ ಬರೆಯನ್ನು ಕಡಿದು ಮೇಲೆ ಆರ್‌ಸಿಸಿ ಮನೆ ಕಟ್ಟುವುದೇ ಜಾಸ್ತಿ ಅಪಾಯ. ಮುಂದಿನ ಗದ್ದೆಗೆ ಮಣ್ಣು ತುಂಬಿ ಸೈಟ್ ಮಾಡಬೇಡಿ. ತೋಡು ಉಕ್ಕಿದಾಗ ನೀರು ಹರಡಿಕೊಳ್ಳುವ ಜಾಗ ಅದು.

ಇನ್ನು ಮಾಡಿನ ಹಂಚು. ಇದನ್ನು ನೀವು ಕೇಳಿಲ್ಲ, ಆದರೆ ಕೇಳಬೇಕಿತ್ತು. ಮಣ್ಣಿನ ಗೋಡೆ ಹಾಳಾಗುವುದು ಹೆಚ್ಚಾಗಿ ಒಡೆದ ಹಂಚಿನಿಂದ. ಒಂದು ಹಂಚು ಜಾರಿದರೆ ಸಾಕು, ಗೋಡೆಯ ತಲೆಗೆ ನೀರು ಇಳಿದು ಒಳಗೇ ನೆನೆಯುತ್ತದೆ. ಜನ ಇದ್ದ ಮನೆಯಲ್ಲಿ ಮರುದಿನವೇ ಗೊತ್ತಾಗುತ್ತಿತ್ತು. ಒಲೆ ಉರಿಯುತ್ತಿದ್ದುದರಿಂದ ಮರಕ್ಕೂ ಒಣ ಗಾಳಿ, ಹೊಗೆ ಸಿಗುತ್ತಿತ್ತು. ಹಂಚು ಬದಲಿಸಿದರೆ ಹಳೆತನ ಹೋಗುತ್ತದೆ ಅಂತ ಹೆದರಬೇಡಿ. ಮೊದಲು ಇದ್ದದ್ದು ಹುಲ್ಲಿನ ಮಾಡು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಹಂಚಿನ ಕಾರ್ಖಾನೆ ಶುರುವಾದದ್ದೇ 1865ರಲ್ಲಿ. ಹಂಚು ಹೊಸದು ಹಾಕಿ, ಆದರೆ ಮಣ್ಣಿನ ಗೋಡೆಗೆ ಸಿಮೆಂಟ್ ಬಳಿಯಬೇಡಿ. ತೇವ ಹೊರಗೆ ಹೋಗಲಾರದೆ ಒಳಗೇ ಕೊಳೆಯುತ್ತದೆ.

ಕೆಡವುವುದು ನೀವೊಬ್ಬರೇ ತೀರ್ಮಾನ ಮಾಡುವ ವಿಷಯವಲ್ಲ, ಐನ್‌ಮನೆ ಇಡೀ ಒಕ್ಕದ್ದು (ಮನೆತನದ್ದು). ಒಕ್ಕದ ಹಿರಿಯರಾದ ಪಟ್ಟೆದಾರರ ಹತ್ತಿರ ಮಾತಾಡುವಾಗ ಮಾಡಿನ ವಿಷಯವನ್ನೂ ಎತ್ತಿ. ಎಲ್ಲರೂ ಸೇರುವುದು ಸುಗ್ಗಿ ಹಬ್ಬವಾದ ಪುತ್ತರಿಗೆ, ಆಗ ಮಳೆಗಾಲ ಮುಗಿದು ಸೋರಿದ್ದೆಲ್ಲ ಸೋರಿ ಆಗಿರುತ್ತದೆ. ಮೇ ತಿಂಗಳಲ್ಲಿ ಏಣಿ ಹತ್ತುವವರು ಯಾರು, ಹಂಚಿನ ದುಡ್ಡು ಯಾರದ್ದು ಅಂತ ಆ ಪುತ್ತರಿಯಲ್ಲೇ ಬರೆದಿಟ್ಟುಕೊಳ್ಳಿ.